ಸಂಹಿತೆ ಬಾಯಿಗೆ ಬಂದಿದೆ, ಈಗ ಬಿ.ಎ. ಮಾಡಬೇಕೇ?

ಪ್ರಶ್ನೆ: ಹೊಳೆಸಾಲಿನ ಮಾಣಿ

ಎಲ್ಲರಿಗೂ ನಮಸ್ಕಾರ. ನನ್ನದು ಸಿದ್ದಾಪುರ ತಾಲ್ಲೂಕು, ದಿನಕ್ಕೆ ಎರಡೇ ಸಲ ಬಸ್ಸು ಬರುವ ಊರು. ವಯಸ್ಸು 22. ಐದನೆಯ ತರಗತಿ ಮುಗಿದ ಮೇಲೆ ಅಪ್ಪಯ್ಯ ನನ್ನನ್ನು ವೇದಪಾಠಶಾಲೆಗೆ ಬಿಟ್ಟರು. ಎಂಟು ವರ್ಷ ಅಲ್ಲಿದ್ದೆ. ಕೃಷ್ಣಯಜುರ್ವೇದದ ಸಂಹಿತೆ, ಬ್ರಾಹ್ಮಣ, ಆರಣ್ಯಕ ಎಂಬ ಭಾಗಗಳು ಸೇರಿ 82 ಪ್ರಶ್ನಗಳು, ಎಂದರೆ ಅಧ್ಯಾಯಗಳು, ಬಾಯಿಗೆ ಬಂದವು. ಪದ ಪದ ಬಿಡಿಸಿ ಹೇಳುವ ಪದಪಾಠವೂ ಆಯಿತು. ಎರಡೆರಡು ಪದ ಜೋಡಿಸಿ ಹೇಳುವ ಕ್ರಮಪಾಠ ಅರ್ಧದಲ್ಲಿದ್ದಾಗ ಅಜ್ಜನಿಗೆ ಲಕ್ವ ಹೊಡೆಯಿತು. ದೇವಸ್ಥಾನದ ಪೂಜೆಗೆ ಜನವಿಲ್ಲದೆ ಊರಿಗೆ ಬಂದುಬಿಟ್ಟೆ. ಆಮೇಲೆ ಖಾಸಗಿಯಾಗಿ ಪರೀಕ್ಷೆ ಕಟ್ಟಿ ಎಸ್ಸೆಸ್ಸೆಲ್ಸಿ, ಪಿಯುಸಿ ಎರಡನ್ನೂ ಪಾಸು ಮಾಡಿಕೊಂಡಿದ್ದೇನೆ. ಇಂಗ್ಲಿಷಿನಲ್ಲಿ 41 ಅಂಕ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ಈಗ ಬೆಳಗ್ಗೆ ಸಂಧ್ಯಾವಂದನೆ ಮುಗಿಸಿ ದೇವಸ್ಥಾನಕ್ಕೆ ಹೋಗಿ ರುದ್ರಾಭಿಷೇಕ ಮಾಡುತ್ತೇನೆ. ಮನೆಗೆ ಬಂದು ತೆಳ್ಳೇವು ದೋಸೆ ತಿಂದು ತೋಟಕ್ಕೆ ಇಳಿಯುತ್ತೇನೆ. ಶ್ರಾವಣದಲ್ಲಿ, ನವರಾತ್ರಿಯಲ್ಲಿ ಬೆಂಗಳೂರಿಗೆ ಹೋಗಿ ಹಿರಿಯ ಪುರೋಹಿತರೊಬ್ಬರ ಜೊತೆ ಹೋಮಗಳಿಗೆ ಕೂರುತ್ತೇನೆ. ದುಡ್ಡಿಗೆ ಕೊರತೆ ಇಲ್ಲ. ಆದ್ದರಿಂದ ‘ಓದು, ಒಳ್ಳೆಯ ಕೆಲಸ ಸಿಗುತ್ತದೆ’ ಎಂಬ ಉತ್ತರ ನನಗೆ ಬೇಡ.

ಕಾರಣ ಬೇರೆ. ಕಳೆದ ನವರಾತ್ರಿಯಲ್ಲಿ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ರುದ್ರಹೋಮವಿತ್ತು. ರುದ್ರದ ಜೊತೆ ಹೇಳುವ ಚಮಕ ಮಂತ್ರ ಮುಗಿಸಿ ತೀರ್ಥ ಕೊಡುವಾಗ ಆ ಮನೆಯ ಹುಡುಗಿ, ಒಂಬತ್ತನೆಯ ತರಗತಿಯವಳಿರಬೇಕು, ಶಾಲೆಯಲ್ಲಿ ಸಂಸ್ಕೃತ ತೆಗೆದುಕೊಂಡವಳು, ನನ್ನನ್ನೇ ಕೇಳಿದಳು: “ಭಟ್ರೇ, ‘ಅಶ್ಮಾ ಚ ಮೇ ಮೃತ್ತಿಕಾ ಚ ಮೇ’ ಎಂದರೆ ನನಗೆ ಕಲ್ಲು ಬೇಕು, ಮಣ್ಣು ಬೇಕು ಎಂದಲ್ಲವೇ? ದೇವರ ಹತ್ತಿರ ಕಲ್ಲುಮಣ್ಣು ಯಾಕೆ ಕೇಳುತ್ತೀರಿ?”

ಆ ಸಾಲನ್ನು ನಾನು ಎಷ್ಟು ಸಾವಿರ ಸಲ ಹೇಳಿದ್ದೇನೆಯೋ ಲೆಕ್ಕವಿಲ್ಲ. ಕಲ್ಲು ಎನ್ನುವುದು ಒಮ್ಮೆಯೂ ಕಿವಿಗೆ ಬಿದ್ದಿರಲಿಲ್ಲ. “ಎಲ್ಲವೂ ಭಗವಂತನದ್ದೇ ಅಲ್ಲವೇ ಪುಟ್ಟೀ” ಎಂದು ಏನೋ ಹೇಳಿ ಜಾರಿಕೊಂಡೆ. ಅವಳು ನಕ್ಕಳು. ವಾಪಸ್ ಬರುವ ರಾತ್ರಿ ಬಸ್ಸಿನಲ್ಲಿ ತಾಳಗುಪ್ಪದವರೆಗೂ ನಿದ್ದೆ ಬರಲಿಲ್ಲ.

ಅಂದಿನಿಂದ ಸಂಸ್ಕೃತದಲ್ಲಿ ಬಿ.ಎ., ಆಗುವುದಾದರೆ ಎಂ.ಎ.ಯನ್ನೂ ಮಾಡಬೇಕು ಎಂಬ ಹಂಬಲ ಹತ್ತಿದೆ. ಅಡ್ಡಿ ಎಂದರೆ ನಮ್ಮ ಮನೆಯಲ್ಲಿ ಓದಿ ‘ಕೆಟ್ಟವರು’ ಒಬ್ಬರಿದ್ದಾರೆ, ಚಿಕ್ಕಪ್ಪ. ಇತಿಹಾಸದಲ್ಲಿ ಎಂ.ಎ. ಮಾಡಿದರು. ಅಮ್ಮಮ್ಮನ ಶ್ರಾದ್ಧದ ದಿನ ಒಳಗೆ ಪಿಂಡಪ್ರದಾನ ನಡೆಯುತ್ತಿದ್ದರೆ ಅವರು ಜಗುಲಿಯಲ್ಲಿ ಕಾಲು ಚಾಚಿ ಪೇಪರ್ ಓದುತ್ತಿದ್ದರು. ಅಪ್ಪಯ್ಯ ಅದನ್ನು ಇನ್ನೂ ಮರೆತಿಲ್ಲ. ನನಗೆ ಎದುರಿಗೆ ಏನೂ ಹೇಳುವುದಿಲ್ಲ, ಅಡುಗೆಮನೆಯಲ್ಲಿ ಆಯಿಯ ಹತ್ತಿರ, ನನಗೆ ಕೇಳುವಷ್ಟು ದೊಡ್ಡದಾಗಿ, “ಇವನನ್ನೂ ಜಗುಲಿಗೆ ಕೂರಿಸುವುದೋ?” ಎನ್ನುತ್ತಾರೆ.

ದಾಟಿ ಬಂದವರು ಹೇಳಿ. ಅಲ್ಲಿ ಹೋದರೆ ಶ್ರದ್ಧೆ ಹೋಗುತ್ತದೆಯೇ? ಹೋಗದಿದ್ದರೆ, ಬದಲಿಗೆ ಏನಾದರೂ ಬರುತ್ತದೆಯೇ?


ಉತ್ತರ 1: ಅಗ್ನಿಹೋತ್ರಿಗಳ ಮನೆ

ನನಗೆ 74. ನಾನು ಹೇಳುತ್ತಿದ್ದೇನೆ, ಮೊಮ್ಮಗ ಬರೆಯುತ್ತಿದ್ದಾನೆ.

ಮಾಣಿ, ಕ್ರಮ ಅರ್ಧಕ್ಕೆ ಬಿಟ್ಟೆ ಎಂದೆಯಲ್ಲ, ಮೊದಲು ಅದನ್ನು ಮುಗಿಸು. ಆಮೇಲೆ ಪದಗಳನ್ನು ಹಿಂದೆ ಮುಂದೆ ಹೆಣೆದು ಹೇಳುವ ಜಟೆ ಇದೆ, ಘನ ಇದೆ. ಎಲೆಯ ಮೇಲೆ ಅನ್ನ ಬಿಟ್ಟು ಮತ್ತೊಂದು ಪಂಕ್ತಿಗೆ ಓಡುತ್ತಾರೆಯೇ?

1975ರಲ್ಲಿ ಕೇರಳದ ಪಾಂಜಾಳಿನಲ್ಲಿ ನಂಬೂದಿರಿ ಬ್ರಾಹ್ಮಣರು 12 ದಿನದ ಅತಿರಾತ್ರ ಅಗ್ನಿಚಯನ ಎಂಬ ಯಾಗ ಮಾಡಿದರು. ಹಕ್ಕಿಯ ಆಕಾರದಲ್ಲಿ ಸಾವಿರಕ್ಕೂ ಹೆಚ್ಚು ಇಟ್ಟಿಗೆಯ ಚಿತಿ, ಎಂದರೆ ಯಜ್ಞವೇದಿ. ಅಮೆರಿಕದ ವಿಶ್ವವಿದ್ಯಾಲಯದ ಪ್ರೊಫೆಸರು ಕ್ಯಾಮೆರಾ ಹೊರಿಸಿಕೊಂಡು ಅಲ್ಲಿಗೆ ಬಂದು ನಿಂತರು. ನಂಬೂದಿರಿಗಳೇನೂ ಅರ್ಜಿ ಬರೆದು ಅವರಲ್ಲಿಗೆ ಹೋಗಿರಲಿಲ್ಲ. 2003ರಲ್ಲಿ ಯುನೆಸ್ಕೋದವರು ವೇದಪಠಣವನ್ನು ಮನುಕುಲದ ಪರಂಪರೆ ಎಂದು ಸಾರಿದರು. ಯಾರ ಬಾಯಲ್ಲಿ ಇದ್ದದ್ದನ್ನು ನೋಡಿ? ಎಂ.ಎ. ಮಾಡಿದವರ ಬಾಯಲ್ಲಿ ಅಲ್ಲ.

ನಿನ್ನ ಗಂಟಲು ಈಗ ಹದವಾಗಿದೆ. ಮೂವತ್ತಕ್ಕೆ ಹೀಗೆ ಇರುವುದಿಲ್ಲ. ಅರ್ಥ ಮುದುಕನಾದ ಮೇಲೂ ಕಲಿಯಬಹುದು, ನಾನು ಈಗ ಕಲಿಯುತ್ತಿದ್ದೇನೆ.


ಉತ್ತರ 2: ಮಲೆನಾಡ ಮೇಷ್ಟ್ರು

ಪಾಠಶಾಲೆಯಿಂದ ವಿಶ್ವವಿದ್ಯಾಲಯಕ್ಕೆ ಹೋದವರು ಬರೆಯಿರಿ ಎಂದಿದ್ದೀರಿ, ಬರೆಯುತ್ತೇನೆ. ನಿಮ್ಮದೇ ತೈತ್ತಿರೀಯ ಶಾಖೆ, ನಿಮ್ಮದೇ 82 ಪ್ರಶ್ನ. 1998ರಲ್ಲಿ ಸಂಸ್ಕೃತ ಎಂ.ಎ.ಗೆ ಸೇರಿದೆ, ಈಗ ಪದವಿ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ.

ಮೊದಲು ಅಜ್ಜನವರಿಗೆ ಒಂದು ಮಾತು. ಪಾಂಜಾಳಿಗೆ ಬಂದ ಆ ಪ್ರೊಫೆಸರು ಫ್ರಿಟ್ಸ್ ಸ್ಟಾಲ್. ಹಿಂದಿರುಗಿದ ಮೇಲೆ ಅವರು ಬರೆದದ್ದು ಏನು ಗೊತ್ತೇ? ಕರ್ಮಗಳಿಗೆ ನಿಯಮವಿದೆ, ಅರ್ಥವಿಲ್ಲ ಎಂದು. ವರ್ಷಗಟ್ಟಲೆ ಪ್ರೀತಿಯಿಂದ ದುಡಿದ ಮನುಷ್ಯ, ಹಗುರವಾಗಿ ಹೇಳಿದ್ದಲ್ಲ. ಆದರೆ ಅದಕ್ಕೆ ಹೌದು ಎನ್ನಲಿಕ್ಕೂ ಅಲ್ಲ ಎನ್ನಲಿಕ್ಕೂ ಅದನ್ನು ಓದಬಲ್ಲ ವೈದಿಕ ಒಬ್ಬ ಬೇಕಲ್ಲ! ನಮ್ಮ ಬಾಯಿ ಅವರ ಟೇಪಿನಲ್ಲಿದೆ, ನಮ್ಮ ಮಾತು ಅವರ ಪುಸ್ತಕದಲ್ಲಿಲ್ಲ. ಇಷ್ಟೇ ನನ್ನ ತಕರಾರು.

ಇನ್ನು ನಿಮ್ಮ ಕಲ್ಲುಮಣ್ಣು. ಸಂಹಿತೆಯ ನಾಲ್ಕನೆಯ ಕಾಂಡ ಅಗ್ನಿಚಯನದ ಮಂತ್ರಗಳದ್ದು. ರುದ್ರ, ಚಮಕ ಎರಡೂ ಅದರೊಳಗಿನವೇ. ಚಿತಿ ಕಟ್ಟಿ ಮುಗಿದ ಮೇಲೆ ಎಡೆಬಿಡದೆ ತುಪ್ಪ ಸುರಿಯುವ ವಸೋರ್ಧಾರೆ ಎಂಬ ಹೋಮಕ್ಕೆ ಹೇಳುವುದು ಚಮಕ. ಈಗ ಆ ಸಾಲನ್ನು ಮುಂದುವರಿಸಿ: ಕಲ್ಲು, ಮಣ್ಣು, ಗುಡ್ಡ, ಬೆಟ್ಟ, ಮರಳು, ಮರ, ಚಿನ್ನ, ಕಬ್ಬಿಣ, ಸೀಸ. ಇಟ್ಟಿಗೆ ಸುಟ್ಟು ಸಾಲು ಜೋಡಿಸಿ ಎದ್ದವನ ಬಾಯಲ್ಲಿ ಮಣ್ಣು, ಮರಳು ಬರದೆ ಇನ್ನೇನು ಬರಬೇಕು? ನಮ್ಮ ಮೇಷ್ಟ್ರು ಹೀಗೆ ಹೇಳಿದಾಗ ನಾನು ಬೆಂಚಿನ ಮೇಲೆ ಕುಳಿತಲ್ಲೇ ಚಮಕವನ್ನು ಮೊದಲ ಸಲ ಕೇಳಿಸಿಕೊಂಡೆ. ಹೇಳಿದ್ದು ಸಾವಿರ ಸಲ, ಕೇಳಿಸಿಕೊಂಡದ್ದು ಅಂದೇ. ಆ ಹುಡುಗಿ ಮುಂದಿನ ನವರಾತ್ರಿಯಲ್ಲಿ ಸಿಕ್ಕರೆ ಹೇಳಿ.

ನಂಬಿಕೆಯ ಪ್ರಶ್ನೆ. ಮೊದಲ ಚಳಿಗಾಲದಲ್ಲಿಯೇ ಪೆಟ್ಟು ಬಿತ್ತು. ವೇದದ ಕಾಲನಿರ್ಣಯದ ಪಾಠ. ಈಗಿನ ಟರ್ಕಿಯಲ್ಲಿದ್ದ ಹಿಟ್ಟೈಟರ ರಾಜಧಾನಿ ಬೊಘಜ್‌ಕೋಯ್‌ಯ ಮಣ್ಣಿನ ಫಲಕಗಳಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರ ಹೆಸರಿರುವುದು, ಋಗ್ವೇದದ ಮಂಡಲಗಳಲ್ಲಿ ಹಳೆಯದು ಹೊಸದು ಎಂಬ ಪದರಗಳಿರುವುದು, ಎಲ್ಲ ಬಂತು. ವೇದ ಅಪೌರುಷೇಯ, ಯಾರೂ ರಚಿಸಿದ್ದಲ್ಲ ಎಂದು ನಂಬಿ ಬಂದ ಹುಡುಗನಿಗೆ ಕಪ್ಪುಹಲಗೆಯ ಮೇಲೆ ಇಸವಿ ಬರೆದು ತೋರಿಸಿದರೆ ಹೇಗಾಗಬೇಡ? ಎರಡು ದಿನ ಊಟ ಸೇರಲಿಲ್ಲ.

ಮೂರನೆಯ ದಿನ ನಕ್ಷತ್ರಗಳ ವಿಷಯ. ಮೇಷ್ಟ್ರು, “ತೈತ್ತಿರೀಯದ ನಕ್ಷತ್ರಪಟ್ಟಿ ಯಾವುದರಿಂದ ಶುರುವಾಗುತ್ತದೆ?” ಎಂದರು. ತರಗತಿಯಲ್ಲಿ ಹದಿನಾಲ್ಕು ಜನ. ಯಾರಿಗೂ ಗೊತ್ತಿಲ್ಲ. ನನ್ನ ಬಾಯಿ ತಾನಾಗಿಯೇ ಹೊರಟಿತು: “ಕೃತ್ತಿಕಾ ನಕ್ಷತ್ರಮಗ್ನಿರ್ದೇವತಾ…” ನಿಲ್ಲಿಸದೆ, ಸ್ವರಸಮೇತ, ಅಪಭರಣಿಯವರೆಗೆ. ಮುಗಿದಾಗ ಮೇಷ್ಟ್ರ ಕೈಯಲ್ಲಿ ಸೀಮೆಸುಣ್ಣ ಹಾಗೆಯೇ ಇತ್ತು. ಆಮೇಲೆ ಕೇಳಿದರು: “ನಿಮ್ಮ ಮನೆಯಲ್ಲಿ ಮಕ್ಕಳು ಅಶ್ವಿನಿ, ಭರಣಿ ಎಂದು ಎಣಿಸುತ್ತಾರೆ. ಇಲ್ಲಿ ಕೃತ್ತಿಕೆ ಮೊದಲು ಯಾಕೆ?” ನನಗೆ ಗೊತ್ತಿರಲಿಲ್ಲ. ಪ್ರಶ್ನೆ ಇದೆ ಎಂಬುದೇ ಗೊತ್ತಿರಲಿಲ್ಲ. ಪಟ್ಟಿ ಮಾಡಿದ ಕಾಲಕ್ಕೆ ವಸಂತವಿಷುವ, ಎಂದರೆ ವಸಂತದಲ್ಲಿ ಹಗಲುರಾತ್ರಿ ಸಮವಾಗುವಾಗ ಸೂರ್ಯನಿರುವ ಸ್ಥಾನ, ಕೃತ್ತಿಕೆಯಲ್ಲಿತ್ತು ಎಂದು ಬಾಲಗಂಗಾಧರ ತಿಲಕರು 1893ರಲ್ಲಿಯೇ ವಾದ ಮಾಡಿದ್ದನ್ನು ಅವರು ವಿವರಿಸಿದರು. ಒಪ್ಪದವರ ವಾದವನ್ನೂ ಹೇಳಿದರು. ಅಂದು ರಾತ್ರಿ ಹಾಸ್ಟೆಲಿನ ಮಹಡಿಯ ಮೇಲೆ ಹೋಗಿ ಕೃತ್ತಿಕೆ ಎಲ್ಲಿದೆ ಎಂದು ಹುಡುಕಿದೆ. ನಕ್ಷತ್ರೇಷ್ಟಿಯ ಮಂತ್ರ ಬರುವವನಿಗೆ ಆಕಾಶದಲ್ಲಿ ಕೃತ್ತಿಕೆ ತೋರಿಸಲು ಬರುತ್ತಿರಲಿಲ್ಲ.

ಗುರುಗಳಿಗೆ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ, ವೇದಕ್ಕೆ ಇಸವಿ ಹೇಳುತ್ತಿದ್ದಾರೆ ಎಂದು ದೂರಿದೆ. ಅವರು ಕೇಳಿದ್ದು ಇಷ್ಟೇ: “ಆ ಮೇಷ್ಟ್ರಿಗೆ ಸ್ವರ ಬರುತ್ತದೋ?” ಇಲ್ಲ ಎಂದೆ. “ಹಾಗಾದರೆ ನೀನು ಅವರಿಗೆ ಅದನ್ನು ಹೇಳಿಕೊಡು. ಅವರು ಹೇಳುವುದನ್ನು ನೀನು ಕಲಿತುಕೋ.” ಮೀಟರಿನಲ್ಲಿ ಹನ್ನೆರಡು ರೂಪಾಯಿ ಆಗಿತ್ತು, ಅವರೇ ಫೋನು ಇಟ್ಟುಬಿಟ್ಟರು.

ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ: ನನ್ನ ಶ್ರದ್ಧೆ ಹೋಗಲಿಲ್ಲ. ಆದರೆ ಹೋದದ್ದು ಒಂದಿದೆ, ಅದನ್ನು ಯಾರೂ ನಿಮಗೆ ಹೇಳುವುದಿಲ್ಲ.

ಹಾಸ್ಟೆಲಿನಲ್ಲಿ ಬೆಳಗ್ಗೆ ಬಿಸಿನೀರಿಗೆ ಬಕೆಟ್ಟಿನ ಸಾಲು. ಎಂಟಕ್ಕೆ ಮೆಸ್ಸು, ಒಂಬತ್ತೂವರೆಗೆ ತರಗತಿ. ಶುರುವಿನಲ್ಲಿ ದಿನಕ್ಕೊಂದು ಪ್ರಶ್ನ ಆವೃತ್ತಿ ಮಾಡುತ್ತಿದ್ದೆ. ಆಮೇಲೆ ವಾರಕ್ಕೊಂದಾಯಿತು. ಆಮೇಲೆ ಪರೀಕ್ಷೆ ಬಂತು, ಪ್ರಬಂಧ ಬಂತು, ರಜೆಯಲ್ಲಿ ಮಾಡಿದರಾಯಿತು ಎನ್ನಿಸಿತು. ರುದ್ರ, ಚಮಕ, ಪುರುಷಸೂಕ್ತ ಎಲ್ಲಿ ಹೋಗುತ್ತವೆ? ದಿನವೂ ಕೆಲಸಕ್ಕೆ ಬರುವಂಥವು, ಉಳಿದವು. ಆರನೆಯ ಕಾಂಡ ಸೋಮಯಾಗದ ವಿವರಣೆ. ಅದನ್ನು ಯಾವ ಗೃಹಪ್ರವೇಶದಲ್ಲಿಯೂ ಯಾರೂ ಕೇಳುವುದಿಲ್ಲ.

ಎಂ.ಎ. ಮುಗಿದ ವರ್ಷ ಶಿವರಾತ್ರಿಗೆ ಪಾಠಶಾಲೆಯ ಪಾರಾಯಣಕ್ಕೆ ಹೋಗಿ ಸಾಲಿನಲ್ಲಿ ಕುಳಿತೆ. ಐದನೆಯ ಕಾಂಡದವರೆಗೆ ಹೇಗೋ ಬಂತು. ಆರು ಶುರುವಾದ ಮೇಲೆ ನನ್ನ ತುಟಿ ಆಡುತ್ತಿತ್ತು, ದನಿ ಇರಲಿಲ್ಲ. ಪಕ್ಕದಲ್ಲಿ ಹನ್ನೊಂದು, ಹನ್ನೆರಡರ ಮಾಣಿಯೊಬ್ಬ ಕುಳಿತಿದ್ದ. ನನ್ನತ್ತ ಒಂದು ಸಲ ನೋಡಿದ. ಆಮೇಲೆ ತನ್ನ ದನಿಯನ್ನು ಏರಿಸಿದ, ಗುರುಗಳಿಗೆ ಗೊತ್ತಾಗಬಾರದೆಂದು. ನಾನು ಯಾವ ಪ್ರೊಫೆಸರರ ಪ್ರಶ್ನೆಗೂ ಅಷ್ಟು ಸಣ್ಣವನಾಗಿರಲಿಲ್ಲ.

ಎರಡೂ ಕೂಡಿ ಬರುವುದೇ ಇಲ್ಲ ಎಂದಲ್ಲ. ಗ್ರಂಥಲಿಪಿಯ ಓಲೆಗರಿಯಲ್ಲಿದ್ದ ಕೌಟಿಲ್ಯನ ಅರ್ಥಶಾಸ್ತ್ರವನ್ನು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ ರುದ್ರಪಟ್ಟಣದ ಶಾಮಾಶಾಸ್ತ್ರಿಗಳು ಸಂಸ್ಕೃತ ಕಾಲೇಜಿನ ವಿದ್ವತ್ ಪಾಸಾದವರು, ಮದ್ರಾಸ್ ವಿಶ್ವವಿದ್ಯಾಲಯದ ಬಿ.ಎ.ಯೂ ಆಗಿದ್ದವರು. ಒಂದೇ ಇದ್ದಿದ್ದರೆ ಆ ಕಟ್ಟು ಕಪಾಟಿನಲ್ಲಿಯೇ ಇರುತ್ತಿತ್ತೇನೋ.

ದಾರಿಗಳ ವಿಷಯ ಬೇಗ ಹೇಳುತ್ತೇನೆ. ಬೆಂಗಳೂರಿನಲ್ಲಿ 2010ರಲ್ಲಿ ಆರಂಭವಾದ ಕರ್ನಾಟಕ ಸಂಸ್ಕೃತ ವಿಶ್ವವಿದ್ಯಾಲಯವಿದೆ. ಶೃಂಗೇರಿಯಲ್ಲಿ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ಪರಿಸರ, ಎಂದರೆ ಕ್ಯಾಂಪಸ್, ಇದೆ. ಅಲ್ಲಿ ಜುಟ್ಟು, ಪಂಚೆ ಯಾರಿಗೂ ವಿಚಿತ್ರವಲ್ಲ. ಮನೆ ಬಿಡಲಾಗದಿದ್ದರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ. ನಿಮ್ಮ ಪ್ರಮಾಣಪತ್ರಗಳಿಗೆ ಯಾವ ಕೋರ್ಸಿನಲ್ಲಿ ಪ್ರವೇಶ ಸಿಗುತ್ತದೆ ಎಂಬುದನ್ನು ಶುಲ್ಕ ಕಟ್ಟುವ ಮೊದಲು ಕಚೇರಿಯಲ್ಲಿ ಕೇಳಿ, ಬಾಯಿಮಾತಿನಲ್ಲಿ ಅಲ್ಲ, ಬರಹದಲ್ಲಿ.


ಉತ್ತರ 3: ಶಿರಸಿಯ ಕೆಮಿಸ್ಟ್ರಿ ಟೀಚರ್

ಓದುತ್ತ ಒಂದು ನಗು ಬಂತು, ಕ್ಷಮಿಸಿ. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಹಾಸ್ಟೆಲಿಗೆ ಹೊರಟಾಗ ‘ನಿನ್ನ ಶ್ರದ್ಧೆಯ ಗತಿ ಏನು’ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ಹೆಣ್ಣುಮಕ್ಕಳ ಶ್ರದ್ಧೆ ಕಬ್ಬಿಣದ್ದು, ಗಂಡುಮಕ್ಕಳದ್ದು ಹಪ್ಪಳದ್ದು ಎಂದು ಲೆಕ್ಕವೋ ಏನೋ. ಐದು ವರ್ಷ ಲ್ಯಾಬಿನಲ್ಲಿದ್ದೆ. ಲಲಿತಾಸಹಸ್ರನಾಮ ಬಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ, ಇವತ್ತಿಗೂ ಬಸ್ಸಿನಲ್ಲಿಯೇ.

ನನ್ನ ಯಜಮಾನರು ಪುರೋಹಿತರು. ಮದುವೆಗೆ ಒಪ್ಪಿದಾಗ ಗೆಳತಿಯರು “ಪುರೋಹಿತನೇ?” ಎಂದರು. ನಮ್ಮ ಸೀಮೆಯಲ್ಲಿ ವೈದಿಕರಿಗೂ ತೋಟದವರಿಗೂ ಹೆಣ್ಣು ಸಿಗುವುದಿಲ್ಲ ಎನ್ನುವುದು ಈಗ ಎಲ್ಲರಿಗೂ ತಿಳಿದ ಕಥೆ. ತಮ್ಮಾ, ಅದಕ್ಕೋಸ್ಕರ ಡಿಗ್ರಿ ಮಾಡು ಎನ್ನುತ್ತಿಲ್ಲ. ಹೆಸರಿನ ಮುಂದೆ ಬಿ.ಎ. ನೋಡಿ ಒಪ್ಪುವವಳು ಬಿ.ಎ.ಗೆ ಒಪ್ಪಿರುತ್ತಾಳೆ, ನಿನಗಲ್ಲ. ಆದರೆ ಒಂದು ಮಾತು. ನಮ್ಮಿಬ್ಬರಿಗೆ ಮಾತಾಡಲು ವಿಷಯ ಸಿಕ್ಕಿದ್ದು ಅವರು ಮದುವೆಯ ನಂತರ ಮುಕ್ತ ವಿಶ್ವವಿದ್ಯಾಲಯದ ಪುಸ್ತಕ ತರಿಸಿದ ಮೇಲೆ. ರಾತ್ರಿ ಪಾತ್ರೆ ತೊಳೆಯುವಾಗ ಅವರು ಬಾಗಿಲಲ್ಲಿ ನಿಂತು ಹೊಗೆ ಕಂಡು ಬೆಂಕಿಯನ್ನು ಊಹಿಸುವ ನ್ಯಾಯಶಾಸ್ತ್ರದ ತರ್ಕ ವಿವರಿಸುತ್ತಿದ್ದರು, ನಾನು ದಹನಕ್ರಿಯೆ ವಿವರಿಸುತ್ತಿದ್ದೆ. ಜಗಳವೂ ಆಗುತ್ತಿತ್ತು.

ಮತ್ತೆ, ನಿಮ್ಮ ಚಿಕ್ಕಪ್ಪ ಜಗುಲಿಯಲ್ಲಿ ಪೇಪರ್ ಓದಿದ್ದಕ್ಕೆ ವಿಶ್ವವಿದ್ಯಾಲಯವನ್ನು ಹಿಡಿಯಬೇಡಿ. ಸಿದ್ದಗಂಗೆಯ ಶಿವಕುಮಾರ ಸ್ವಾಮೀಜಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು, ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿ ಕೊಲ್ಹಾಪುರದಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮಾಡಿದವರು. ಚಿಕ್ಕಪ್ಪನನ್ನೇ ಒಂದು ಸಲ ಕೇಳಿ ನೋಡಿ, ಅವರು ಯಾಕೆ ಒಳಗೆ ಬರಲಿಲ್ಲ ಎಂದು. ಯಾರಾದರೂ ಕೇಳಿದ್ದಾರೆಯೇ?


ಉತ್ತರ 4: ಭಟ್ಕಳದ ಹಾಫಿಜ್

ನಾನು ಇಲ್ಲಿ ಮಾತಾಡಬಹುದೋ ಇಲ್ಲವೋ ಎಂದು ಯೋಚಿಸಿದೆ. ಆದರೆ ಮೇಷ್ಟ್ರು ಬರೆದ ತುಟಿ ಆಡುವ ಮಾತು ಓದಿ ಸುಮ್ಮನಿರಲಾಗಲಿಲ್ಲ.

ಹದಿಮೂರನೆಯ ವಯಸ್ಸಿಗೆ ಕುರಾನ್ ಪೂರ್ತಿ ಬಾಯಿಪಾಠವಾಗಿತ್ತು, ಮೂವತ್ತು ಭಾಗ. ಆಮೇಲೆ ಶಾಲೆ, ಬಿ.ಕಾಂ. ಈಗ ಮಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ. ನಮ್ಮಲ್ಲಿಯೂ ಮನೆಯವರ ಭಯ ಇದೇ, ಹುಡುಗ ಕಾಲೇಜಿಗೆ ಹೋದರೆ ದೀನು, ಎಂದರೆ ಧರ್ಮ, ಬಿಡುತ್ತಾನೆ ಎಂದು. ದೀನು ಎಲ್ಲಿಯೂ ಹೋಗಲಿಲ್ಲ. ಆದರೆ ಕೊನೆಯ ವರ್ಷದ ಪರೀಕ್ಷೆಯ ಗಲಾಟೆಯಲ್ಲಿ ದಿನಕ್ಕೊಂದು ಭಾಗ ಮೆಲುಕು ಹಾಕುವುದನ್ನು ಬಿಟ್ಟೆ. ಆ ರಮಜಾನಿನಲ್ಲಿ, ರಾತ್ರಿ ಕುರಾನ್ ಹೇಳುವ ತರಾವೀಹ್ ನಮಾಜಿಗೆ ಮುಂದೆ ನಿಂತಿದ್ದೇನೆ. ಕುರಾನಿನಲ್ಲಿ ಒಂದನ್ನೊಂದು ಹೋಲುವ ವಾಕ್ಯಗಳು ಬಹಳ. ಒಂದು ಅಧ್ಯಾಯದಲ್ಲಿ ನಡೆಯುತ್ತಿದ್ದವನು ಗೊತ್ತಾಗದೆ ಮತ್ತೊಂದರೊಳಗೆ ಹೊರಳಿಬಿಟ್ಟೆ. ಹಿಂದಿನಿಂದ ಒಬ್ಬರು ಸರಿಯಾದ ಮಾತು ಎತ್ತಿ ಕೊಟ್ಟರು, ನಾವು ಅದಕ್ಕೆ ಲುಕ್ಮಾ ಎನ್ನುತ್ತೇವೆ, ಎಂದರೆ ತುತ್ತು. ಮೂರು ಸಲ ತುತ್ತು ಕೊಟ್ಟರು. ಕೊಟ್ಟವರು ನನ್ನ ತಂದೆ.

ಅಂದಿನಿಂದ ಪ್ರತಿ ವರ್ಷ ತರಾವೀಹ್‌ಗೆ ನಾನೇ ನಿಲ್ಲುತ್ತೇನೆ ಎಂದು ಮಸೀದಿಯವರಿಗೆ ಮೊದಲೇ ಹೇಳಿಡುತ್ತೇನೆ. ಮುಂದೆ ನಿಲ್ಲಬೇಕು ಎಂಬ ಹೆದರಿಕೆ ಇದ್ದರೆ ಬಾಯಿ ತಾನೇ ಮೆಲುಕು ಹಾಕುತ್ತದೆ. ತಾವೂ ವರ್ಷಕ್ಕೊಂದು ಪಾರಾಯಣ ಒಪ್ಪಿಕೊಳ್ಳಿ, ತಪ್ಪಿದರೆ ಗೊತ್ತಾಗುವವರ ಎದುರಿಗೆ. ಎದುರಿಗೆ ಕೂತು ಕೇಳುವ ಒಬ್ಬ ಮನುಷ್ಯ ಬೇಕು ಭಟ್ರೇ, ಮೊಬೈಲಿನಲ್ಲಿ ರೆಕಾರ್ಡು ಕೇಳಿಕೊಂಡರೆ ಆಗುವುದಿಲ್ಲ, ಅದು ತಪ್ಪು ಹಿಡಿಯುವುದಿಲ್ಲ.


ಪ್ರಶ್ನೆ ಕೇಳಿದವರು: ಹೊಳೆಸಾಲಿನ ಮಾಣಿ

ಎಲ್ಲರಿಗೂ ಬಹಳ ಉಪಕಾರವಾಯಿತು. ಅಜ್ಜನವರೇ, ಕ್ರಮದ ವಿಷಯ ನೀವು ಹೇಳಿದ್ದು ಚುಚ್ಚಿತು, ಸರಿಯಾಗಿಯೇ ಚುಚ್ಚಿತು.

ಟೀಚರಕ್ಕ ಹೇಳಿದ ಹಾಗೆ ನಿನ್ನೆ ಚಿಕ್ಕಪ್ಪನಿಗೆ ಫೋನು ಮಾಡಿದೆ. ಯಾಕೆ ಒಳಗೆ ಬರಲಿಲ್ಲ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆ ದಿನ ಬೆಳಗ್ಗೆ ಆಸ್ತಿ ಪಾಲಿನ ಮಾತಿಗೆ ಅಪ್ಪಯ್ಯನಿಗೂ ಅವರಿಗೂ ಜಗಳವಾಗಿತ್ತಂತೆ. ಒಳಗೆ ಬಾ ಎಂದು ಅಣ್ಣ ಕರೆಯಲಿ ಎಂದು ಕಾಯುತ್ತಿದ್ದರಂತೆ. ಪೇಪರು ಹಿಂದಿನ ದಿನದ್ದು, ಅದರಲ್ಲಿ ಓದುವುದೇನೂ ಇರಲಿಲ್ಲ ಎಂದರು. ಇದನ್ನು ಅಪ್ಪಯ್ಯನಿಗೆ ಹೇಗೆ ಹೇಳುವುದು ಎಂದು ಇನ್ನೂ ಗೊತ್ತಾಗಿಲ್ಲ.

ಮೇಷ್ಟ್ರೇ, ನಿಮ್ಮದನ್ನು ಓದಿದ ಮೇಲೆ ಆರನೆಯ ಕಾಂಡವನ್ನು ತೋಟದಲ್ಲಿ ಒಬ್ಬನೇ ಹೇಳಿ ನೋಡಿದೆ. ಮೂರನೆಯ ಪ್ರಶ್ನದಲ್ಲಿ ಎರಡು ಕಡೆ ನಿಂತೆ. ಹಾಸ್ಟೆಲಿಗೆ ಹೋಗುವ ಮೊದಲೇ, ಊರಿನಲ್ಲಿ ಇದ್ದುಕೊಂಡೇ! ಮುಕ್ತ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವುದೆಂದು ಮಾಡಿದ್ದೇನೆ, ಪೂಜೆ ಬಿಡುವ ಹಾಗಿಲ್ಲ. ಪರೀಕ್ಷೆ ನವರಾತ್ರಿಗೆ ಬಂದರೆ ಏನು ಮಾಡುವುದೋ ತಿಳಿಯದು.


ಉತ್ತರ 5: ಮಲೆನಾಡ ಮೇಷ್ಟ್ರು

ಹಾಗಾದರೆ ಒಂದು ಒಪ್ಪಂದ. ಪಾಣಿನಿಯ ಸೂತ್ರ, ಇಂಗ್ಲಿಷಿನ ಪತ್ರಿಕೆ ಎರಡನ್ನೂ ನಾನು ಫೋನಿನಲ್ಲಿ ಹೇಳಿಕೊಡುತ್ತೇನೆ. ನೀವು ನನಗೆ ಆರನೆಯ ಕಾಂಡದ ಸಂತೆ, ಎಂದರೆ ಪಾಠ, ಹೇಳಬೇಕು, ಪಾಠಶಾಲೆಯ ಕ್ರಮದಲ್ಲಿಯೇ: ನೀವು ಒಂದು ಸಲ, ನಾನು ಎರಡು ಸಲ. ನನಗೀಗ ಉಳಿದಿರುವುದು ‘ಪ್ರಾಚೀನವಂಶಂ ಕರೋತಿ’ ಎಂಬ ಮೊದಲ ಮಾತು ಮತ್ತು ಅದರ ಮುಂದಿನ ಒಂದೆರಡು ಪನಸ, ಎಂದರೆ ಐವತ್ತೈವತ್ತು ಪದಗಳ ತುಂಡು. ತಪ್ಪಿದರೆ ದನಿ ಏರಿಸಿ ಮುಚ್ಚುವ ಹಾಗಿಲ್ಲ. ನಾಳೆ ಬೆಳಗ್ಗೆ ಐದಕ್ಕೆ?


ಪ್ರಶ್ನೆ ಕೇಳಿದವರು: ಹೊಳೆಸಾಲಿನ ಮಾಣಿ

ಐದಕ್ಕೆ ಬೇಡ ಮೇಷ್ಟ್ರೇ, ಐದೂಮುಕ್ಕಾಲು ಆಗಲಿ. ನಮ್ಮಲ್ಲಿ ಸಿಗ್ನಲ್ ಸಿಗುವುದು ದೇವಸ್ಥಾನದ ಹಿಂದಿನ ಗುಡ್ಡದ ಮೇಲೆ ಮಾತ್ರ, ಕತ್ತಲಲ್ಲಿ ಹತ್ತಲು ಕಾಟಿಯ, ಎಂದರೆ ಕಾಡುಕೋಣದ, ಭಯ.